ಒಂದಡಿ ಆಚೆ

ಮಿಸಾವೊ ತನ್ನ ಮನೆಯ ಮುಂದಿನ ಬೀದಿಯನ್ನು ಗುಡಿಸಿ ಮುಗಿಸಿ ಪಕ್ಕದ ಮನೆಯ ಗಡಿಗೆ ಬಂದಿದ್ದಳು. ಇನ್ನು ಉಳಿದದ್ದು ಒಂದಡಿ. ಗುಡಿಸುವ ಕೆಲಸದಲ್ಲೆಲ್ಲ ಸೂಕ್ಷ್ಮವಾದದ್ದು ಆ ಒಂದಡಿಯೇ.

ಕ್ಯೋಟೋದ ಆ ಬೀದಿಯಲ್ಲಿ ಇದಕ್ಕೊಂದು ಕಟ್ಟಳೆ ಇತ್ತು. ಎಲ್ಲೂ ಬರೆದಿಟ್ಟದ್ದಲ್ಲ, ಬರೆದು ತಿಳಿಸಬೇಕಾದಷ್ಟು ದಡ್ಡರು ಆ ಬೀದಿಯಲ್ಲಿ ಹುಟ್ಟುವುದಿಲ್ಲ ಎಂದು ಅಲ್ಲಿಯವರ ನಂಬಿಕೆ. ಬೆಳಿಗ್ಗೆ ಎದ್ದು ತಮ್ಮ ಮನೆಯ ಮುಂದೆ ಗುಡಿಸಬೇಕು. ಗಡಿಗೆ ಸರಿಯಾಗಿ ನಿಲ್ಲಿಸಿದರೆ ಜಿಪುಣತನ. ಆದ್ದರಿಂದ ಪಕ್ಕದ ಮನೆಯವರ ಪಾಲಿನಲ್ಲೂ ಒಂದಡಿ ಗುಡಿಸಬೇಕು. ಎರಡಡಿ ಗುಡಿಸಿದರೋ, 'ನಿಮ್ಮ ಮನೆ ಮುಂದೆ ಕಸ ಬಿದ್ದಿದೆ, ನಿಮಗೆ ಕಣ್ಣಿಲ್ಲವೇ' ಎಂದು ಬಾಗಿಲು ಬಡಿದು ಕೇಳಿದ ಹಾಗೆ. ಹೊಸ ಸೊಸೆಗೆ ಅತ್ತೆ ಅನ್ನ ಮಾಡುವುದನ್ನು ಆಮೇಲೆ ಕಲಿಸುತ್ತಿದ್ದಳು, ಒಂದಡಿಯನ್ನು ಮೊದಲು.

ಪಕ್ಕದ ಮನೆಯ ವಿಧವೆ, ವಯಸ್ಸಾದ ಶಿಗೆತಾ-ಸಾನ್ ಆ ಕಡೆಯಿಂದ ಗುಡಿಸುತ್ತಾ ಬಂದು ಈ ಕಡೆಗೆ ಒಂದಡಿ ದಾಟಿದರು. ಅವರದೊಂದಡಿ, ಇವಳದೊಂದಡಿ. ಈ ಎರಡಡಿ ಜಾಗ ದಿನವೂ ಎರಡು ಸಲ ಗುಡಿಸಿಕೊಂಡು ಬೀದಿಯಲ್ಲೇ ಹೆಚ್ಚು ಹೊಳೆಯುತ್ತಿತ್ತು. ಮಿಸಾವೊ ಮತ್ತು ಶಿಗೆತಾ-ಸಾನ್ ಅವರ ಗೆಳೆತನವೆಲ್ಲ ಅಲ್ಲಿಯೇ, ಆ ಎರಡಡಿಯ ಮೇಲೆಯೇ ನಡೆದುಕೊಂಡು ಬಂದಿತ್ತು.

"ಕಾಲು ನೋವು ಹೇಗಿದೆ, ಶಿಗೆತಾ-ಸಾನ್?"

"ಕಾಲು ಇದ್ದ ಜಾಗದಲ್ಲೇ ಇದೆ. ಚಳಿ ಶುರುವಾಯ್ತು ನೋಡಿ, ನಾನಿದ್ದೀನಿ ನಾನಿದ್ದೀನಿ ಅಂತ ಕೂಗ್ತಿದೆ." ಅವರು ಪೊರಕೆಯ ಮೇಲೆ ಗಲ್ಲ ಊರಿ ಮೇಲೆ ನೋಡಿದರು. "ನಿಮ್ಮ ಮೊಮಿಜಿ ಮರ ತುದೀಲಿ ಕೆಂಪಾಗೋಕೆ ಶುರು ಹಚ್ಕೊಂಡಿದೆ. ನಿನ್ನೆ ಮಧ್ಯಾಹ್ನ ಬಿಸಿಲು ಬಿದ್ದಾಗ ನೋಡಬೇಕಿತ್ತು, ನಮ್ಮ ಒಳಂಗಳದ ಜಗುಲಿ ಎಲ್ಲ ಕೆಂಪಾಗಿಹೋಯ್ತು. ನನ್ನ ಟೀ ಕೂಡ ಕೆಂಪು! ಒಂದ್ಸಲ ಬನ್ನಿ ಮಿಸಾವೊ-ಸಾನ್, ಕೂತು ನೋಡೋರಂತೆ."

"ಬರ್ತೀನಿ. ಇನ್ನೊಂದು ದಿನ ಖಂಡಿತ ಬರ್ತೀನಿ."

ಈ ಮಾತಿಗೂ ಒಂದು ಕಟ್ಟಳೆ ಇತ್ತು. 'ಒಳಗೆ ಬನ್ನಿ' ಎನ್ನುವುದು ಕರೆಯುವವರ ಮರ್ಯಾದೆ, 'ಇನ್ನೊಂದು ದಿನ' ಎನ್ನುವುದು ಕರೆಸಿಕೊಂಡವರ ಮರ್ಯಾದೆ. ಹಿಂದೊಮ್ಮೆ ಕೆಳಗಿನ ಬೀದಿಯ ಹೊಸ ಸೊಸೆಯೊಬ್ಬಳು ಕರೆದ ಕೂಡಲೇ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತುಬಿಟ್ಟಳಂತೆ. ಅವಳಿಗೆ ಮೊಮ್ಮಕ್ಕಳಾದ ಮೇಲೂ ಜನ ಅವಳನ್ನು 'ಒಳಗೆ ಹೋದವಳು' ಎಂದೇ ಗುರುತು ಹೇಳುತ್ತಿದ್ದರು. ಮಿಸಾವೊ ಹಾಗಾಗಲಿಲ್ಲ. ಪ್ರತಿ ಶರತ್ಕಾಲದಲ್ಲೂ ಶಿಗೆತಾ-ಸಾನ್ ಕರೆಯುತ್ತಾ ಬಂದರು, ಇವಳು ಇನ್ನೊಂದು ದಿನ ಎನ್ನುತ್ತಾ ಬಂದಳು. ಆ ಇನ್ನೊಂದು ದಿನ ಮಾತ್ರ ಬರಲಿಲ್ಲ.

ಮರ ಮಿಸಾವೊಳದೇ. ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲಿ ಪಶ್ಚಿಮದ ಕೋಣೆ ಕಾದ ಬಾಣಲೆಯಾಗಿತ್ತು. ಗಂಡ ತೋಕುಜಿ ತಗಡಿನ ಚಪ್ಪರ ಹಾಕಿಸೋಣ ಎಂದ. ಮಿಸಾವೊ ಹೋಗಿ ಮೊಣಕಾಲೆತ್ತರದ ಮೊಮಿಜಿ, ಎಂದರೆ ಮೇಪಲ್ ಸಸಿಯೊಂದನ್ನು ತಂದು ಗಡಿಯ ಗೋಡೆಯ ಪಕ್ಕ ನೆಟ್ಟಳು. ಬೇಸಿಗೆಯಲ್ಲಿ ಎಲೆ ಹೊದ್ದು ನೆರಳು ಕೊಟ್ಟು, ಚಳಿಗಾಲಕ್ಕೆ ಎಲೆ ಕಳಚಿ ಬಿಸಿಲು ಬಿಡುವ ಬುದ್ಧಿ ತಗಡಿಗೆ ಎಲ್ಲಿಂದ ಬರಬೇಕು? ಸಸಿ ಬೆಳೆಯಿತು, ಮಾಡು ದಾಟಿತು. ನೆರಳು ಕೊಡುವುದರಲ್ಲಿ ಒಂದು ದಿನವೂ ಮೋಸ ಮಾಡಲಿಲ್ಲ. ಆದರೆ ಬಿಸಿಲು ಹುಡುಕಿಕೊಂಡು ಅದು ಗೋಡೆಯಾಚೆಗೆ, ಶಿಗೆತಾ-ಸಾನ್ ಅವರ ಅಂಗಳದ ಕಡೆಗೆ ವಾಲಿತು. ಮೇಪಲ್ ಎಲೆ ಬಿಸಿಲು ತಾಗಿದ ಕಡೆಯಷ್ಟೇ ಕೆಂಪಾಗುವುದು. ಮಿಸಾವೊಳ ಕಿಟಕಿಯಿಂದ ಕಾಣುತ್ತಿದ್ದದ್ದು ಕಾಂಡ, ಕೊಂಬೆಗಳ ಅಡಿಭಾಗ, ಮಾಸಿದ ಹಳದಿ. ಬೀದಿಯಿಂದ ನೋಡಿದರೆ ವಿದ್ಯುತ್ ಕಂಬ, ತಂತಿಗಳ ಸಿಕ್ಕು, ಅದರ ಹಿಂದೆ ಮರದ ಒಂದು ಚೂರು. ನೆರಳು ಇವಳ ಪಾಲಿಗೆ, ಬಣ್ಣ ಅವರ ಪಾಲಿಗೆ. ತಾನೇ ನೀರೆರೆದು ಬೆಳೆಸಿದ ಮರದ ಕೆಂಪನ್ನು ಅವಳು ಕಂಡದ್ದು ಪೊರಕೆಯ ತುದಿಯಲ್ಲಿ ಮಾತ್ರ, ಉದುರಿದ ಮೇಲೆ. ಒಂದೇ ಒಂದು ಸಲ ಆ ಜಗುಲಿಯಲ್ಲಿ ಕೂತು ಮರವನ್ನು ನೋಡಬೇಕು ಎಂಬ ಆಸೆ ಅವಳಲ್ಲಿ ಮರದ ಜೊತೆಗೇ ಬೆಳೆದಿತ್ತು. ಅದಕ್ಕೆ ಮಾತ್ರ ಎಲೆ ಉದುರುವ ಕಾಲ ಬಂದಿರಲಿಲ್ಲ.

ಆ ವಾರವೇ ಮಿಸಾವೊಳ ಸೊಂಟ ಹಿಡಿದುಕೊಂಡಿತು. ಉಪ್ಪಿನಲ್ಲಿ ಹಾಕಿದ ಮೂಲಂಗಿಯ ಮೇಲಿಡುವ ಕಲ್ಲನ್ನು ಎತ್ತಿದವಳು, ಕಲ್ಲನ್ನು ಕೆಳಗಿಟ್ಟಳೇ ಹೊರತು ತಾನು ನೆಟ್ಟಗಾಗಲಿಲ್ಲ. ವೈದ್ಯರು ಬಿಸಿ ಪಟ್ಟಿ ಅಂಟಿಸಿ, ಮಲಗಿರಿ ಎಂದರು.

"ಬೀದಿ ಗುಡಿಸೋದು ಹೇಗೆ?" ಎಂದಳು ಮಿಸಾವೊ. ಅವಳಿಗೆ ಸೊಂಟಕ್ಕಿಂತ ಅದರದೇ ಚಿಂತೆ.

"ನಾನಿಲ್ವಾ?" ಎಂದ ತೋಕುಜಿ.

ಈ ತೋಕುಜಿ ಲಿಫ್ಟ್ ತಪಾಸಣೆಯ ಕೆಲಸದಲ್ಲಿದ್ದವನು. ಉದ್ಯೋಗವೆಲ್ಲ ಮೇಲೆ ಕೆಳಗೆ ಹೋಗುವುದರಲ್ಲೇ ಕಳೆದು, ಕೊನೆಗೆ ಹತ್ತಿದ ಮಹಡಿಯಲ್ಲೇ ಇಳಿದು ಮನೆಗೆ ಬಂದಿದ್ದ. ನಿವೃತ್ತನಾದಂದಿನಿಂದ ಅವನ ಕೈಗೆ ಕೆಲಸವಿರಲಿಲ್ಲ, ತಲೆಗೆ ಮಾತ್ರ ಬಿಡುವಿರಲಿಲ್ಲ. ಪೊರಕೆ ಹಿಡಿಯುವ ಅವಕಾಶ ಸಿಕ್ಕಿದ್ದೇ ತಡ, ಅಂಗಡಿಗೆ ಹೋಗಿ ರಬ್ಬರ್ ಬೂಟು, ಕೈಗವಸು, ಒಂದಲ್ಲ ಎರಡು ಹೊಸ ಪೊರಕೆ ತಂದ. ತಲೆಗೆ ಟವೆಲ್ ಕಟ್ಟಿ ಕನ್ನಡಿ ಮುಂದೆ ನಿಂತ. ಯುದ್ಧಕ್ಕೆ ಹೊರಟವರು ಕೂಡ ಅಷ್ಟು ಸಿದ್ಧತೆ ಮಾಡಿಕೊಳ್ಳಲಿಕ್ಕಿಲ್ಲ.

"ರೀ, ಪಕ್ಕದ ಮನೆ ಕಡೆ ಒಂದಡಿ ಮಾತ್ರ. ಅದಕ್ಕಿಂತ ಆಚೆ ಹೋಗಬೇಡಿ," ಎಂದು ಮಿಸಾವೊ ಹಾಸಿಗೆಯಿಂದಲೇ ಹೇಳಿದಳು.

"ಒಂದಡಿ ಯಾಕೆ?"

"ಅದು ಹಾಗೆ."

"ಹಾಗೆ ಅಂದ್ರೆ? ಕಾರಣ ಬೇಡ್ವಾ? ಲಿಫ್ಟ್ ಅರ್ಧ ಮಹಡಿಗೆ ಬಂದು ನಿಂತ್ಕೊಂಡ್ರೆ, ಅದು ಹಾಗೆ ಅಂತ ಬಿಡ್ತಿದ್ನಾ ನಾನು?"

"ನೀವು ಹುಟ್ಟಿದ್ದೂ ಇದೇ ಮನೇಲಿ. ನಿಮ್ಮಮ್ಮ ಇದನ್ನ ಹೇಳಿಕೊಡಲಿಲ್ವಾ?"

"ಅಮ್ಮ ನನ್ನ ಕೈಗೆ ಪೊರಕೆ ಕೊಟ್ಟಿದ್ರೆ ತಾನೆ!"

ಅದು ಮಾತ್ರ ನಿಜ. ಆ ಬೀದಿಯ ಗಂಡಸರು ಎದ್ದು ಬಾಗಿಲು ತೆರೆಯುವ ಹೊತ್ತಿಗೆ ಬೀದಿ ಗುಡಿಸಿ ನೀರು ಚಿಮುಕಿಸಿ ಆಗಿರುತ್ತಿತ್ತು. ಬೀದಿ ಹುಟ್ಟಿದ್ದೇ ಹಾಗೆ ಎಂದು ಅವರು ತಿಳಿದಿದ್ದರು.

ಮಾರನೆಯ ಬೆಳಿಗ್ಗೆ ತೋಕುಜಿ ಗಡಿಯಲ್ಲಿ ನಿಂತು ತರ್ಕ ಮಾಡಿದ. ಶಿಗೆತಾ-ಸಾನ್ ಅವರ ಮನೆ ಮುಂದೆ ಬಿದ್ದಿರುವುದು ಯಾರ ಎಲೆ? ನಮ್ಮ ಮರದ್ದು. ನಮ್ಮ ಎಲೆಯನ್ನು ವಯಸ್ಸಾದ ಹೆಂಗಸು ಗುಡಿಸಬೇಕೇ? ಮನುಷ್ಯತ್ವವಿದ್ದವನು ಒಂದಡಿಗೆ ನಿಲ್ಲಬಹುದೇ? ಅವನ ಮನುಷ್ಯತ್ವ ಒಂದಡಿ ದಾಟಿತು, ಎರಡಡಿ ದಾಟಿತು, ಶಿಗೆತಾ-ಸಾನ್ ಅವರ ಬಾಗಿಲ ಮುಂದಿನ ಮೆಟ್ಟಿಲನ್ನೂ ದಾಟಿ ಆ ಕೊನೆಯ ಮೂಲೆ ಮುಟ್ಟಿತು. ಒಂದು ಎಲೆಯನ್ನೂ ಉಳಿಸಲಿಲ್ಲ. ಕೊನೆಗೆ ಬಕೆಟ್ಟಿನಲ್ಲಿ ನೀರು ತಂದು ಅವರ ಬಾಗಿಲ ಮುಂದೆ ಚಿಮುಕಿಸಿದ.

"ಅವರ ಮನೆ ಮುಂದೆ ಈಗ ಬಿದ್ದ ಸಾಸಿವೆ ಹೆಕ್ಕಬಹುದು!" ಎಂದು ಒಳಗೆ ಬಂದು ಸಾರಿದ.

ಮಿಸಾವೊ ಕಣ್ಣು ಮುಚ್ಚಿಕೊಂಡಳು. "ಎಲ್ಲಿವರೆಗೆ ಗುಡಿಸಿದ್ರಿ?"

"ಎಲ್ಲಿವರೆಗೆ ಮನೆ ಇದೆಯೋ ಅಲ್ಲಿವರೆಗೆ."

ಮಧ್ಯಾಹ್ನದ ಹೊತ್ತಿಗೆ ಶಿಗೆತಾ-ಸಾನ್ ಬಂದರು. ಒಳ್ಳೆಯ ಕಿಮೋನೊ ಉಟ್ಟಿದ್ದರು. ಕೈಯಲ್ಲಿ ದೊಡ್ಡ ಅಂಗಡಿಯ ಸಿಹಿಯ ಡಬ್ಬಿ, ಅದಕ್ಕೆ ಸುಕ್ಕಿಲ್ಲದ ಕಾಗದದ ಹೊದಿಕೆ. ಬಾಗಿಲಲ್ಲಿ ಸೊಂಟ ಬಗ್ಗಿಸಿ ತಲೆ ತಗ್ಗಿಸಿದರು.

"ನನ್ನಿಂದ ನಿಮಗೆ ಬಹಳ ತೊಂದರೆಯಾಯ್ತು, ತೋಕುಜಿ-ಸಾನ್. ವಯಸ್ಸಾಯ್ತು, ಕಣ್ಣು ಮಂಜು. ಮನೆ ಮುಂದೆ ಅಷ್ಟು ಕಸ ಇದ್ದದ್ದು ನನಗೆ ಕಾಣಿಸಲೇ ಇಲ್ಲ. ನಾಚಿಕೆಯಾಗುತ್ತೆ."

"ಅಯ್ಯೋ, ಅದರಲ್ಲೇನಿದೆ! ನೀವು ಇನ್ಮೇಲೆ ಆರಾಮಾಗಿ ಮಲಗಿ. ನಾನಿದ್ದೀನಿ."

"ಆರಾಮಾಗಿ ಮಲಗಬೇಕಾ," ಎಂದು ಶಿಗೆತಾ-ಸಾನ್ ಮೆಲ್ಲಗೆ ನಕ್ಕರು. ಒಳಗೆ ಮಲಗಿದ್ದ ಮಿಸಾವೊ ಆ ನಗು ಕೇಳಿ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡಳು.

ತೋಕುಜಿ ಡಬ್ಬಿ ಬಿಚ್ಚಿ ಸಿಹಿ ಬಾಯಿಗೆ ಹಾಕಿಕೊಂಡ. "ನೋಡಿದ್ಯಾ? ಹೆಂಗಸರು ನೀವು ಇಷ್ಟು ವರ್ಷ ಒಂದಡಿ ಒಂದಡಿ ಅಂತ ಗುಡಿಸಿದ್ರಿ. ಒಂದು ಚೂರು ಸಿಹಿ ಬಂತಾ ಮನೆಗೆ? ನಾನು ಒಂದೇ ದಿನ ಗುಡಿಸಿದೆ, ಡಬ್ಬೀನೇ ಬಂತು!"

"ರೀ, ಅವರಿಗೆ ಸಿಟ್ಟು ಬಂದಿದೆ."

"ಸಿಟ್ಟು ಬಂದೋರು ಸಿಹಿ ಕೊಡ್ತಾರಾ?"

"ನಮ್ಮ ಬೀದೀಲಿ ಕೊಡ್ತಾರೆ."

"ನಿನಗೆ ಸೊಂಟನೋವು ತಲೆಗೆ ಏರಿದೆ," ಎಂದು ತೋಕುಜಿ ಇನ್ನೊಂದು ಸಿಹಿಗೆ ಕೈ ಹಾಕಿದ.

ಮಾರನೆಯ ದಿನ ಅವನು ಬೀದಿಗಿಳಿಯುವಷ್ಟರಲ್ಲಿ ಶಿಗೆತಾ-ಸಾನ್ ತಮ್ಮ ಮನೆ ಮುಂದನ್ನು ಗುಡಿಸಿ, ತೋಕುಜಿಯ ಮನೆ ಮುಂದನ್ನೂ ಆ ತುದಿಯವರೆಗೆ ಗುಡಿಸಿ, ನೀರು ಹಾಕಿ, ಬಾಗಿಲು ಹಾಕಿಕೊಂಡಿದ್ದರು. ತೋಕುಜಿ ಖಾಲಿ ಬೀದಿಯನ್ನು ನೋಡಿ ಕರಗಿಹೋದ. "ಪಾಪ, ಮುದುಕಿ ಋಣ ತೀರಿಸ್ತಿದ್ದಾರೆ. ನಾನೇ ಇನ್ನೂ ಬೇಗ ಏಳಬೇಕು." ಎದ್ದ. ಅವರು ಇನ್ನೂ ಬೇಗ ಎದ್ದರು. ಎದುರು ಮನೆಯ ಚಾಪೆ ಕಟ್ಟುವ ಇಮಾನಿಶಿ ಕತ್ತಲಲ್ಲಿ ಎರಡು ಪೊರಕೆಗಳ ಸದ್ದು ಕೇಳಿ, ಯಾರೋ ದೊಡ್ಡವರು ಬೀದಿ ನೋಡಲು ಬರುತ್ತಿದ್ದಾರೆ, ತನಗೊಬ್ಬನಿಗೇ ತಿಳಿಸಿಲ್ಲ ಎಂದುಕೊಂಡ. ಹೆಂಡತಿಯನ್ನು ಎಬ್ಬಿಸಿದ. ಅವಳ ಪೊರಕೆಯ ಸದ್ದಿಗೆ ಅವಳ ಪಕ್ಕದವಳು ಎದ್ದಳು. ವಾರ ಕಳೆಯುವುದರೊಳಗೆ ಆ ಬೀದಿಯ ಹೆಂಗಸರೆಲ್ಲ ಕೈಯಲ್ಲಿ ಟಾರ್ಚು, ಬಾಯಲ್ಲಿ ಆಕಳಿಕೆ ಹೊತ್ತು ಇಲ್ಲದ ಕಸವನ್ನು ಗುಡಿಸುತ್ತಿದ್ದರು. ಎಲೆಗಳಿಗೆ ನೆಲ ಮುಟ್ಟುವುದಕ್ಕೂ ಪುರಸೊತ್ತಿರಲಿಲ್ಲ.

ಮಿಸಾವೊ ಪಶ್ಚಿಮದ ಕೋಣೆಯಲ್ಲಿ ಮಲಗಿ ಇದನ್ನೆಲ್ಲ ಕಿವಿಯಿಂದಲೇ ನೋಡುತ್ತಿದ್ದಳು. ಹಗಲಿನಲ್ಲಿ ಕಿಟಕಿಯಾಚೆಗೆ ಅದೇ ಕಾಂಡ, ಅದೇ ಮಾಸಿದ ಹಳದಿ. ಆಗೊಮ್ಮೆ ಈಗೊಮ್ಮೆ ಮೇಲಿನಿಂದ ಎಲ್ಲೋ ಕಾಣದ ಕಡೆಯಿಂದ ಕಡುಗೆಂಪಿನ ಎಲೆಯೊಂದು ತಿರುಗುತ್ತಾ ಇಳಿದು ಬರುತ್ತಿತ್ತು. ಮದುವೆಯ ಮನೆಗೆ ಹೋಗಲಾಗದವರಿಗೆ ಯಾರೋ ತಂದುಕೊಟ್ಟ ಒಂದು ಚೂರು ಹೋಳಿಗೆಯ ಹಾಗೆ. ಗೋಡೆಯಾಚೆಗೆ ಈಗ ಏನು ನಡೆಯುತ್ತಿರಬಹುದು? ಅವರ ಟೀ ಇವತ್ತೂ ಕೆಂಪಾಗಿರಬಹುದೇ? ಅವರು ಒಬ್ಬರೇ ಕೂತು ನೋಡುತ್ತಿರಬಹುದೇ, ಇಲ್ಲ ಮರದ ಮೇಲೂ ಮುನಿಸಿಕೊಂಡು ಬೆನ್ನು ಹಾಕಿ ಕೂತಿರಬಹುದೇ?

ಎದ್ದು ಕೂರುವಂತಾದ ದಿನವೇ ಅವಳು ಕೋಲೂರಿಕೊಂಡು, ಡಬ್ಬಿಯೊಂದನ್ನು ಹಿಡಿದು ಪಕ್ಕದ ಮನೆಗೆ ಹೋದಳು.

"ನಮ್ಮವರಿಗೆ ಗೊತ್ತಾಗಲಿಲ್ಲ, ಶಿಗೆತಾ-ಸಾನ್..."

"ಛೆ ಛೆ, ಎಂಥಾ ಮಾತು! ತೋಕುಜಿ-ಸಾನ್ ಅಂಥ ಗಂಡ ಸಿಗೋದು ಪುಣ್ಯ. ಇಡೀ ಬೀದಿನೇ ಹೇಳ್ತಿದೆ." ಶಿಗೆತಾ-ಸಾನ್ ನಕ್ಕರು, ಬಾಗಿದರು, ಸೊಂಟ ವಿಚಾರಿಸಿದರು, ಚಳಿಯನ್ನು ಬೈದರು. ಎಲ್ಲ ಹೇಳಿದರು. ಒಳಗೆ ಬನ್ನಿ ಎಂದು ಮಾತ್ರ ಹೇಳಲಿಲ್ಲ.

ಮಿಸಾವೊ ಒಂದು ಕ್ಷಣ ಕಾದಳು. ಬಾರದ ಕರೆಗೆ ಇನ್ನೊಂದು ದಿನ ಎನ್ನುವುದಾದರೂ ಹೇಗೆ? ಶಿಗೆತಾ-ಸಾನ್ ಅವರ ಬೆನ್ನ ಹಿಂದೆ, ನಡುಮನೆಯ ಕಾಗದದ ಬಾಗಿಲಿನ ಮೇಲೆ ಕೆಂಪು ಬೆಳಕೊಂದು ಅಲುಗಾಡುತ್ತಿತ್ತು. ಆ ಬಾಗಿಲಿನಾಚೆಯೇ ಜಗುಲಿ. ಮಿಸಾವೊ ಬಾಗಿ ವಂದಿಸಿ ಹಿಂತಿರುಗಿದಳು. ಸಂಜೆಗೆ ಅವಳು ಕೊಟ್ಟ ಡಬ್ಬಿಗಿಂತ ದೊಡ್ಡ ಡಬ್ಬಿಯೊಂದು ಆ ಮನೆಯಿಂದ ಬಂತು.

"ಇನ್ನೊಂದು!" ಎಂದ ತೋಕುಜಿ, ಕೈ ಉಜ್ಜಿಕೊಳ್ಳುತ್ತಾ.

ಆಮೇಲೆ ಬೀದಿ ಸಂಘದ ಅಧ್ಯಕ್ಷ ಮೊರಿಗುಚಿ ಬಂದರು. ಕಣ್ಣಿನ ಕೆಳಗೆ ಕಪ್ಪು ಉಂಗುರ. ಬಾಗಿಲ ಮೆಟ್ಟಿಲ ಮೇಲೆ ಕೂತು, ಕೊಟ್ಟ ಟೀಯನ್ನು ಕೈಯಲ್ಲೇ ತಣ್ಣಗಾಗಿಸಿದರು.

"ತೋಕುಜಿ-ಸಾನ್, ನಿಮ್ಮ ದೆಸೆಯಿಂದ ಬೀದಿ ಈಗ ಎಷ್ಟು ಶುಭ್ರ! ನನ್ನ ಹೆಂಡತಿ ಕಾಗೆಗಿಂತ ಮುಂಚೆ ಏಳ್ತಾಳೆ. ಅವಳು ಎದ್ದು ನನ್ನನ್ನೂ ಎಬ್ಬಿಸ್ತಾಳೆ."

"ಬೇಗ ಏಳೋದು ಆರೋಗ್ಯಕ್ಕೆ ಒಳ್ಳೇದು."

"ಹೌದು ಹೌದು. ನಿದ್ದೆಯೂ ಒಳ್ಳೇದು ಅಂತಾರೆ ಡಾಕ್ಟರು."

"ನನಗೆ ನಿದ್ದೆ ಕಮ್ಮಿ ಸಾಕು."

"ಅದೇ ನಮ್ಮೆಲ್ಲರ ಚಿಂತೆ," ಎಂದರು ಮೊರಿಗುಚಿ, ಆಕಳಿಕೆಯನ್ನು ತೋಳಿನಲ್ಲಿ ಮುಚ್ಚಿಕೊಳ್ಳುತ್ತಾ. "ನೀವು ಸ್ವಲ್ಪ ಪ್ರವಾಸ ಹೋಗಿ ಬರಬಹುದಲ್ಲ? ದೂರ. ಬಿಸಿನೀರಿನ ಬುಗ್ಗೆ ಇರೋ ಕಡೆ."

ಅವರು ಹೋದ ಮೇಲೆ ತೋಕುಜಿ ಗಂಭೀರವಾಗಿ ಕೂತ. "ಸಂಘದವರು ನನ್ನನ್ನ ಸನ್ಮಾನ ಮಾಡಿ ಪ್ರವಾಸಕ್ಕೆ ಕಳಿಸೋ ಯೋಚನೇಲಿದ್ದಾರೆ ಅನ್ಸುತ್ತೆ," ಎಂದ.

ಮಿಸಾವೊ ನಗಲಿಲ್ಲ. ಬೇರೆ ಸಮಯವಾಗಿದ್ದರೆ ಬೆಳಿಗ್ಗೆ ಆ ಎರಡಡಿಯ ಮೇಲೆ ಇದನ್ನೇ ಹೇಳಿ ಶಿಗೆತಾ-ಸಾನ್ ಜೊತೆ ನಗಬಹುದಿತ್ತು ಎನಿಸಿ, ಎದ್ದು ಹೋಗಿ ಅಕ್ಕಿ ತೊಳೆದಳು.

ಸೊಂಟ ನೆಟ್ಟಗಾದ ಕೂಡಲೇ ಅವಳು ಗಂಡನ ಕೈಯಿಂದ ಪೊರಕೆ ಕಿತ್ತುಕೊಂಡು, ಎಂದಿನ ಹೊತ್ತಿಗೆ ಬೀದಿಗಿಳಿದಳು. ಇವಳನ್ನು ಕಂಡು ಶಿಗೆತಾ-ಸಾನ್ ಕೂಡ ಎಂದಿನ ಹೊತ್ತಿಗೇ ಬರತೊಡಗಿದರು. ಬೀದಿಯವರು ಮತ್ತೆ ಮಲಗಿದರು. ಎಲ್ಲ ಸರಿಹೋಯಿತು ಎಂದು ನೋಡಿದವರು ಹೇಳಬಹುದಿತ್ತು. ಆದರೆ ಶಿಗೆತಾ-ಸಾನ್ ಗುಡಿಸುತ್ತಾ ಗುಡಿಸುತ್ತಾ ಗಡಿಗೆ ಬಂದು, ಅಲ್ಲಿಗೆ ಸರಿಯಾಗಿ, ಸ್ಕೇಲಿಟ್ಟು ಗೀಟು ಎಳೆದ ಹಾಗೆ ನಿಲ್ಲಿಸಿಬಿಟ್ಟರು. "ಚಳಿ," ಎಂದರು. "ಚಳಿ," ಎಂದಳು ಮಿಸಾವೊ. ಅವರು ತಿರುಗಿ ಒಳಗೆ ಹೋದರು. ಮಿಸಾವೊ ಅವರ ಕಡೆಯ ಒಂದಡಿಯನ್ನು ಗುಡಿಸಿದಳು. ಇವಳ ಕಡೆಗೆ ಅವರು ದಾಟಬೇಕಾಗಿದ್ದ ಒಂದಡಿಯಲ್ಲಿ ಎಲೆಗಳು ಹಾಗೆಯೇ ಬಿದ್ದಿದ್ದವು. ಅದನ್ನು ತಾನೇ ಗುಡಿಸಬಹುದಿತ್ತು, ಅದು ಅವಳ ಜಾಗವೇ. ಗುಡಿಸಲು ಮನಸ್ಸು ಬರಲಿಲ್ಲ. ದಿನವೂ ಮರ ಇನ್ನಷ್ಟು ಕೆಂಪನ್ನು ಕೆಳಗೆ ಚೆಲ್ಲುತ್ತಿತ್ತು. ಮೇಲೆ ಅಷ್ಟು ಕಡಿಮೆಯಾಗುತ್ತಿತ್ತು.

ಆ ಶನಿವಾರ ತೋಕುಜಿಯ ಅಕ್ಕ ಫುಸಾಕೊ ಒಸಾಕಾದಿಂದ ಬಂದಳು. ಇದೇ ಬೀದಿಯಲ್ಲಿ ಹುಟ್ಟಿ ಬೆಳೆದು, ಪೊರಕೆ ಹಿಡಿದು, ಆಮೇಲೆ ಒಸಾಕಾದವನನ್ನು ಮದುವೆಯಾಗಿ, ಮನಸ್ಸಿಗೆ ಬಂದದ್ದನ್ನು ಬಾಯಿಯಿಂದಲೇ ಹೇಳುವ ಅಭ್ಯಾಸ ಮಾಡಿಕೊಂಡವಳು. ತೋಕುಜಿ ಹೆಮ್ಮೆಯಿಂದ ಡಬ್ಬಿಗಳನ್ನು ಸಾಲಾಗಿ ಜೋಡಿಸಿ ತನ್ನ ಸಾಧನೆ ವಿವರಿಸಿದ. ಫುಸಾಕೊ ಬಾಯಲ್ಲಿದ್ದ ಸಿಹಿಯನ್ನು ನುಂಗಲಿಕ್ಕೂ ಆಗದೆ ಉಗುಳಲಿಕ್ಕೂ ಆಗದೆ ಕೂತಳು.

"ಪೆದ್ದೇ! ನೀನು ಆ ವಿಧವೆಯ ಮನೆ ಬಾಗಿಲಿಗೆ ಹೋಗಿ ನೀರು ಹಾಕಿದ್ಯಾ?"

"ಹಾಕಿದೆ. ದಿನಾ ಹಾಕಿದೆ."

"ದಿನಾ!" ಅವಳು ಮಿಸಾವೊ ಕಡೆ ತಿರುಗಿದಳು. "ನೀನು ಇವನಿಗೆ ಹೇಳಲಿಲ್ವಾ?"

"ಹೇಳಿದೆ, ಅತ್ತಿಗೆ. ಸೊಂಟನೋವು ತಲೆಗೆ ಏರಿದೆ ಅಂದ್ರು."

"ಲೋ ತೋಕುಜಿ, ಅವರು ಕೊಟ್ಟದ್ದು ಸಿಹಿ ಅಲ್ಲ ಕಣೋ, ಕಪಾಳಕ್ಕೆ ಹೊಡೆದದ್ದು. ನೀನು ಆ ಕೆನ್ನೆ ತೋರಿಸಿ, ಈ ಕೆನ್ನೆ ತೋರಿಸಿ, ಕಾಗದ ಬಿಚ್ಚಿ ತಿಂದಿದ್ದೀಯ!"

ತೋಕುಜಿ ಡಬ್ಬಿಯ ಮೇಲಿದ್ದ ಕೈ ಹಿಂದಕ್ಕೆ ತೆಗೆದ. ಹೆಂಡತಿ ಹೇಳಿದಾಗ ಹೋಗದ ಮಾತು ಅಕ್ಕ ಕೂಗಿದಾಗ ಒಳಗೆ ಹೋಯಿತು. ಡಬ್ಬಿಗಳನ್ನು ಒಂದೊಂದಾಗಿ ನೋಡಿದ. ಅಧ್ಯಕ್ಷರ ಬಿಸಿನೀರಿನ ಬುಗ್ಗೆ ನೆನಪಾಯಿತು. ಸಂಜೆವರೆಗೆ ಮಾತಾಡಲಿಲ್ಲ. ಮಾತಾಡದ ತೋಕುಜಿ ಮಾತಾಡುವ ತೋಕುಜಿಗಿಂತ ಅಪಾಯ ಎಂಬುದು ಮಿಸಾವೊಗೆ ಗೊತ್ತಿತ್ತು. ಆದರೂ ಮಾರನೆಯ ದಿನ ಫುಸಾಕೊಳನ್ನು ಬಸ್ಸು ಹತ್ತಿಸಲು ಹೋದಾಗ ಅವನೊಬ್ಬನನ್ನೇ ಮನೆಯಲ್ಲಿ ಬಿಟ್ಟುಹೋದಳು.

ತೋಕುಜಿ ಮತ್ತೆ ತರ್ಕ ಮಾಡಿದ. ಜಗಳಕ್ಕೆ ಕಾರಣ ಗುಡಿಸಿದ್ದು. ಗುಡಿಸಿದ್ದಕ್ಕೆ ಕಾರಣ ಎಲೆ. ಎಲೆಗೆ ಕಾರಣ ಮರ. ಮರವೇ ಇಲ್ಲದಿದ್ದರೆ? ನೆರಳಿಗೆ ತಗಡು ಹಾಕಿಸಬಹುದು. ತಗಡಿನಿಂದ ಯಾರ ಮನೆ ಮುಂದೂ ಏನೂ ಉದುರುವುದಿಲ್ಲ.

ಮಿಸಾವೊ ಹಿಂತಿರುಗಿ ಬೀದಿಯ ತಿರುವಿಗೆ ಬಂದಾಗ ಜನ ಸೇರಿದ್ದರು. ಇಮಾನಿಶಿ ಕೈಯಲ್ಲಿ ಚಾಪೆ ಹೊಲಿಯುವ ಸೂಜಿ ಹಿಡಿದು ಹಾಗೆಯೇ ಓಡಿ ಬಂದಿದ್ದ. ಮೊರಿಗುಚಿ ತಲೆ ಮೇಲೆತ್ತಿ ನಿಂತಿದ್ದರು. ಮೇಪಲ್ ಮರದ ಕವಲಿನಲ್ಲಿ, ಗೋಡೆಗಿಂತ ಎತ್ತರದಲ್ಲಿ, ತಲೆಗೆ ಟವೆಲ್ ಕಟ್ಟಿ ಕೈಯಲ್ಲಿ ಗರಗಸ ಹಿಡಿದು ತೋಕುಜಿ ಕೂತಿದ್ದ. ಜೀವಮಾನವಿಡೀ ಲಿಫ್ಟಿನಲ್ಲಿ ಮೇಲೆ ಹೋದವನಿಗೆ ಏಣಿಯ ಸ್ವಭಾವ ಗೊತ್ತಿರಲಿಲ್ಲ. ಅವನು ಹತ್ತಿದ ಮೇಲೆ ಅದು ಜಾರಿ ಶಿಗೆತಾ-ಸಾನ್ ಅವರ ಅಂಗಳಕ್ಕೆ ಬಿದ್ದಿತ್ತು.

ಸದ್ದು ಕೇಳಿ ಶಿಗೆತಾ-ಸಾನ್ ಜಗುಲಿಗೆ ಬಂದಿರಬೇಕು. ಗೋಡೆಯಾಚೆಗೆ ಅವರು ಯಾರಿಗೂ ಕಾಣುತ್ತಿರಲಿಲ್ಲ. ತೋಕುಜಿಗೆ ಮಾತ್ರ ಕಾಣುತ್ತಿದ್ದರು. ಅವನು ಕೊಂಬೆಯ ಮೇಲಿಂದಲೇ ಬಾಗಿ ವಂದಿಸಿದ. ಮರ ಗಡಗಡ ಅಲುಗಿ ನೂರಾರು ಎಲೆ ಉದುರಿದವು.

"ಶಿಗೆತಾ-ಸಾನ್, ನನ್ನ ಅಜ್ಞಾನದಿಂದ ತಮಗಾದ ಅವಮಾನಕ್ಕೆ, ಇಷ್ಟು ಎತ್ತರದಿಂದ ಕೇಳೋದು ಉದ್ಧಟತನ ಆದರೂ, ಕ್ಷಮೆ ಕೋರುತ್ತಾ, ಇದಕ್ಕೆಲ್ಲ ಮೂಲವಾದ ಈ ಮರವನ್ನ ಬುಡಸಮೇತ..." ಎಂದು ಇನ್ನೊಮ್ಮೆ ಬಾಗಿದ. ಇನ್ನಷ್ಟು ಎಲೆ ಉದುರಿದವು.

ಆ ಬೀದಿಯಲ್ಲಿ ಯಾರಾದರೂ ದನಿ ಏರಿಸಿ ಮಾತಾಡಿದ್ದನ್ನು ಕೇಳಿದವರು ಬದುಕಿರಲಿಲ್ಲ. ಆದ್ದರಿಂದ ಗೋಡೆಯಾಚೆಯಿಂದ ಬಂದ ಕೂಗು ಯಾರದ್ದು ಎಂದು ತಿಳಿಯಲು ಎಲ್ಲರಿಗೂ ಸ್ವಲ್ಪ ಹೊತ್ತು ಹಿಡಿಯಿತು.

"ಗರಗಸ ಕೆಳಗೆ ಹಾಕಿ! ಕೆಳಗೆ ಹಾಕಿ ಅಂದೆ! ಬಾಗಬೇಡಿ, ಬಾಗಿದಷ್ಟೂ ಎಲೆ ಹಾಳು! ಆ ಮರ ಕಡಿದ್ರೆ ನಾನು ಇಲ್ಲಿ ಏನನ್ನ ನೋಡ್ಕೊಂಡು ಕೂತಿರಲಿ? ನಿಮ್ಮ ಮುಖಾನಾ?"

ಇಮಾನಿಶಿ ಸೂಜಿ ಬೀಳಿಸಿಕೊಂಡ. ಮೊರಿಗುಚಿ ಅಧ್ಯಕ್ಷರಾಗಿ ಏನಾದರೂ ಹೇಳಬೇಕೆಂದು ಬಾಯಿ ತೆರೆದು, ಏನೂ ಸಿಗದೆ, "ಹವಾ ಚೆನ್ನಾಗಿದೆ," ಎಂದರು.

"ವರ್ಷವೆಲ್ಲ ಈ ಹತ್ತು ದಿನಕ್ಕೆ ಕಾಯ್ತೀನಿ ನಾನು!" ಎಂದಿತು ಗೋಡೆಯಾಚೆಯ ದನಿ. ಆಮೇಲೆ ಸಣ್ಣಗಾಯಿತು. "ಒಬ್ಬಳೇ ಕಾಯ್ತೀನಿ. ಇಳೀರಿ."

ಇಮಾನಿಶಿಯ ಅಂಗಡಿಯಿಂದ ಏಣಿ ತಂದು ತೋಕುಜಿಯನ್ನು ಇಳಿಸಿದರು. ಅವನು ನೆಲ ಮುಟ್ಟಿ ಯಾರಿಗೆ ಎಂದು ತಿಳಿಯದೆ ನಾಲ್ಕು ದಿಕ್ಕಿಗೂ ಬಾಗಿ ಒಳಗೆ ಹೋದ. ಗುಂಪು ಚದುರಿತು. ಮಿಸಾವೊ ಮಾತ್ರ ಬೀದಿಯಲ್ಲಿ, ಗುಡಿಸದ ಆ ಒಂದಡಿಯ ಪಕ್ಕ ನಿಂತಿದ್ದಳು. ಒಬ್ಬಳೇ ಎಂಬ ಮಾತು ಅವಳ ಕಿವಿಯಲ್ಲಿ ಉಳಿದಿತ್ತು. ಅದರಲ್ಲಿ ದೂರು ಇತ್ತೇ? ಯಾರ ಮೇಲೆ?

ಮರುದಿನ ಬೆಳಿಗ್ಗೆ ಶಿಗೆತಾ-ಸಾನ್ ಗುಡಿಸುತ್ತಾ ಗಡಿಗೆ ಬಂದರು. ನಿಂತರು. ಪೊರಕೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. ಆಮೇಲೆ ಏನೂ ಆಗದವರಂತೆ ದಾಟಿ, ಮಿಸಾವೊಳ ಕಡೆ ಕೊಳೆಯುತ್ತಾ ಬಿದ್ದಿದ್ದ ಒಂದಡಿ ಎಲೆಯನ್ನು ಗುಡಿಸಿದರು. ಎಷ್ಟೋ ದಿನದ ಎಲೆ. ಬಹಳ ಹೊತ್ತು ಹಿಡಿಯಿತು. ಮಿಸಾವೊ ಗೋಣಿಚೀಲ ಹಿಡಿದು ನಿಂತಳು.

"ನಿಮ್ಮ ಯಜಮಾನರು ಹೇಗಿದ್ದಾರೆ?"

"ಮಲಗಿದ್ದಾರೆ. ಇನ್ನು ಲಿಫ್ಟ್ ಇಲ್ಲದ ಕಡೆ ಹತ್ತಲ್ಲ ಅಂತ ಆಣೆ ಹಾಕಿದ್ದಾರೆ."

ಶಿಗೆತಾ-ಸಾನ್ ಮುಖದ ಮುಂದೆ ತೋಳು ಅಡ್ಡ ಹಿಡಿದು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಿಸಾವೊ ಕೂಡ ನಕ್ಕಳು, ಸೊಂಟಕ್ಕೆ ಕೈ ಕೊಟ್ಟುಕೊಂಡು.

"ನಿನ್ನೆ ಅಷ್ಟು ಉದುರಿಸಿದ್ರೂ ಇನ್ನೂ ಇದೆ," ಎಂದರು ಶಿಗೆತಾ-ಸಾನ್, ಮೇಲೆ ನೋಡುತ್ತಾ. "ಇನ್ನೆರಡು ದಿನ ಅಷ್ಟೇ. ನಾಳಿದ್ದು ಗಾಳಿ ಅಂತೆ. ಒಂದ್ಸಲ ಬನ್ನಿ ಮಿಸಾವೊ-ಸಾನ್, ನೋಡೋರಂತೆ."

"ಬರ್ತೀನಿ," ಎಂದಳು ಮಿಸಾವೊ. "ಇನ್ನೊಂದು ದಿನ..."

ನಾಲಿಗೆ ತಾನಾಗಿಯೇ ಆ ದಾರಿಯಲ್ಲಿ ಹೊರಟುಬಿಟ್ಟಿತ್ತು. ಶಿಗೆತಾ-ಸಾನ್ ತಲೆಯಾಡಿಸಿದರು, ಎಂದಿನಂತೆ, ಮುಗುಳ್ನಗುತ್ತಾ. ಆ ಮುಗುಳ್ನಗೆಯಲ್ಲಿ ಸಮಾಧಾನವಿತ್ತೋ, ಸೋತ ಭಾವವಿತ್ತೋ ಮಿಸಾವೊಗೆ ತಿಳಿಯಲಿಲ್ಲ. ಇಷ್ಟು ವರ್ಷ ಅದನ್ನು ಓದಲು ಅವಳು ಪ್ರಯತ್ನ ಪಟ್ಟೇ ಇರಲಿಲ್ಲ. ಕರೆ ಬರಿಯ ಮರ್ಯಾದೆಯ ಕರೆಯಾಗಿದ್ದರೆ, ಒಳಗೆ ಕಾಲಿಡುವುದು ತೋಕುಜಿ ಗುಡಿಸಿದ್ದಕ್ಕಿಂತ ದೊಡ್ಡ ಅನಾಹುತ. ಕರೆ ನಿಜವಾಗಿದ್ದರೆ, ಇಷ್ಟು ವರ್ಷ ಒಳಗೆ ಕಾಲಿಡದೆ ಉಳಿದದ್ದು ಅದಕ್ಕಿಂತಲೂ ದೊಡ್ಡದು.

ಮಧ್ಯಾಹ್ನ ಊಟವಾದ ಮೇಲೆ ಮಿಸಾವೊ ಪಾತ್ರೆ ತೊಳೆದು, ಕೈ ಒರೆಸಿಕೊಂಡು, ಕಪಾಟಿನಿಂದ ಹಿಮ್ಮಡಿಯ ಬಳಿ ಗುಂಡಿ ಹಾಕುವ ಒಂದು ಜೊತೆ ಬಿಳಿಯ ಕಾಲುಚೀಲ ತೆಗೆದಳು. ಮದುವೆ ಸಮಾರಂಭಗಳಿಗೆ, ಚಪ್ಪಲಿ ಬಿಟ್ಟು ಬೇರೆಯವರ ಮನೆಯೊಳಗೆ ಹೋಗುವಾಗ ಹಾಕಿಕೊಳ್ಳಲು ಇಟ್ಟದ್ದು. ಹೊರಗೆ ಬಿಸಿಲು ನಿಧಾನವಾಗಿ ಪಶ್ಚಿಮಕ್ಕೆ ಸರಿಯುತ್ತಿತ್ತು. ಹೆಬ್ಬೆರಳಿನ ಹತ್ತಿರ ತೂತಿಲ್ಲ ತಾನೇ ಎಂದು ಒಳಗೆ ಕೈ ಹಾಕಿ ನೋಡಿದಳು.

ಹಾಸಿಗೆಯಿಂದ ತೋಕುಜಿ ಕತ್ತು ಎತ್ತಿದ. "ಯಾರಾದ್ರೂ ಬರ್ತಾರಾ?"

"ಯಾರೂ ಇಲ್ಲ," ಎಂದಳು ಮಿಸಾವೊ. ಅವನು ಆ ಕಡೆ ತಿರುಗಿ ಮಲಗುವವರೆಗೆ ಕಾದು, ಕಾಲುಚೀಲದ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಳ್ಳತೊಡಗಿದಳು.